ಮೂಡಲಗಿಯ ಜೋಡಿ ಪ್ಲಾಟು

ಶೋಭಾಳಿಗೆ ಗೋಕಾಕ ಬಿಟ್ಟು ಹೋಗುವ ಮನಸ್ಸು ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆ ಎರಡು ತಿಂಗಳಲ್ಲಿ ಅವಳು ಇದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅತ್ತೆ ಮಾವಂದಿರ ಮುಂದೆ ಹೇಳಿದಳು.

ಹದಿನಾರು ವರ್ಷದಿಂದ ಅವಳ ಹೊಲಿಗೆ ಮಷೀನು ಗೋಕಾಕದ ಆ ಬಾಡಿಗೆ ಮನೆಯ ಪಡಸಾಲೆಯಲ್ಲಿತ್ತು. ಸಾಲಿ ಟೀಚರುಗಳು, ಬ್ಯಾಂಕಿನವರ ಹೆಂಡಂದಿರು, ಪ್ಯಾಟಿಯ ಅಂಗಡಿಕಾರರ ಸೊಸೆಯರು, ಎಲ್ಲರೂ ಜಂಪರು ಹೊಲಿಸಲು ಅವಳಲ್ಲಿಗೇ ಬರುವವರು. ಶೋಭಕ್ಕ ಹೊಲಿದ ಜಂಪರು ತೊಟ್ಟು ಅಟ್ಟದ ಡಬ್ಬಿಗೆ ಕೈ ಚಾಚಿದರೂ ಕಂಕುಳಲ್ಲಿ ಎಳೆಯುವುದಿಲ್ಲ ಎಂಬ ಹೆಸರಿತ್ತು. ಆ ಹೆಸರನ್ನು ಗಂಟು ಕಟ್ಟಿಕೊಂಡು ಬೇರೆ ಊರಿಗೆ ಒಯ್ಯಲು ಬರುತ್ತದೆಯೇ? ಮೂಡಲಗಿಗೆ ಬಸ್ಸು ಹತ್ತಿ ಹೋಗಿ ಜಂಪರಿನ ಅಳತೆ ಕೊಡುವಷ್ಟು ಪುರುಸೊತ್ತು ಯಾವ ಹೆಂಗಸಿಗಿದೆ? ಗೋಕಾಕ ತಪ್ಪಿದರೆ ತನ್ನ ದುಡಿಮೆಯೂ ತಪ್ಪಿತು ಎಂದು ಅವಳಿಗೆ ಖಾತ್ರಿಯಾಗಿ ಗೊತ್ತಿತ್ತು.

ಮನೆ ಮಾಲಕರ ಮಗನ ಮದುವೆ ಗೊತ್ತಾಗಿತ್ತು. ದಸರಾ ಕಳೆದ ಮೇಲೆ ಖಾಲಿ ಮಾಡಿಕೊಡಿ ಎಂದು ಅವರು ಮರ್ಯಾದೆಯಿಂದಲೇ ಕೇಳಿಕೊಂಡರು. ಮಾವ ಗುರುಲಿಂಗಪ್ಪ ಹಿಡಕಲ್ ಡ್ಯಾಮಿನಲ್ಲಿ ಮೂವತ್ತೊಂದು ವರ್ಷ ಗೇಟು ಏರಿಸಿ ಇಳಿಸಿ ರಿಟೈರ್ ಆದವರು. ಇನ್ನೊಂದು ಬಾಡಿಗೆ ಮನೆ ಹುಡುಕುವ ಮಾತೇ ಬೇಡ, ಜಾಗ ಕೊಂಡು ನಮ್ಮ ಮನೆ ನಾವೇ ಕಟ್ಟೋಣ ಎಂದರು. ಮಮದಾಪುರದ ಹೊಲ ಮಾರಿದ್ದು, ಪಿಂಚಣಿ ಬಂದಾಗ ತೆಗೆದಿಟ್ಟದ್ದು ಇದಕ್ಕೇ ಇತ್ತು. ಅಲ್ಲಿಯವರೆಗೆ ಎಲ್ಲರಿಗೂ ಖುಷಿ.

ಆಮೇಲೆ ಅವರು ಹುಕ್ಕೇರಿಯ ಹೆಸರೆತ್ತಿದರು. ಅಲ್ಲಿ ದೊಡ್ಡ ಜಾಗವೊಂದಿದೆಯಂತೆ, ಒಂದೇ ಮನೆ ಕಟ್ಟಿ ಎಲ್ಲರೂ ಕೂಡಿ ಇರಬಹುದಂತೆ, ಡ್ಯಾಮಿನ ಹಳೆಯ ಗೆಳೆಯರೆಲ್ಲ ಅಲ್ಲೇ ಮನೆ ಮಾಡಿದ್ದಾರಂತೆ. ರವಿವಾರದ ಊಟ ನಡೆದಿತ್ತು. ಪುಂಡಿಪಲ್ಯ ಬಡಿಸುತ್ತಿದ್ದ ಶೋಭಾ ಸೌಟು ಕೆಳಗಿಟ್ಟಳು. ರೊಟ್ಟಿ ತರುತ್ತಿದ್ದ ದಾನೇಶ್ವರಿ ಅಲ್ಲೇ ನಿಂತಳು. ಹುಕ್ಕೇರಿಯಲ್ಲಿ ನಮ್ಮವರು ಯಾರಿದ್ದಾರೆ ಎಂದು ಒಬ್ಬಳು ಕೇಳಿದಳು, ನಾವೆಲ್ಲ ಅಲ್ಲಿ ಕೂತು ಏನು ಮಾಡುವುದು ಎಂದು ಇನ್ನೊಬ್ಬಳು ಕೇಳಿದಳು. ಅತ್ತೆ ಶಿವವ್ವ ಬಾಯಲ್ಲಿದ್ದ ತುತ್ತು ನುಂಗಿ ನಕ್ಕೇ ನಕ್ಕಳು.

"ಒಂಬತ್ತು ವರ್ಷದಾಗ ಇವರಿಬ್ರೂ ಒಂದ ಮಾತು ಆಡಿದ್ದು ಇದ ಮೊದಲು ನೋಡ್ರಿ," ಎಂದಳು.

ಖರೆ ಮಾತು. ದಾನೇಶ್ವರಿ ಮೈದುನ ಗುರುರಾಜನ ಹೆಂಡತಿ, ಮಸಗುಪ್ಪಿಯವಳು. ಬಂದು ಒಂಬತ್ತು ವರ್ಷ. ಹೊರಗಿನವರು ನೋಡಿದರೆ ಎಂಥ ಹೊಂದಾಣಿಕೆಯ ನೆಗೆಣ್ಣಿಯರು ಎನ್ನಬೇಕು. ಜಗಳ ಆಡಿದವರಲ್ಲ. ಆದರೆ ಶೋಭಾಳ ಹೊಟ್ಟೆಯೊಳಗೆ ಒಂದು ಒಲೆ ಒಂಬತ್ತು ವರ್ಷದಿಂದ ಆರಿದ್ದೇ ಇಲ್ಲ. ದಾನಿಯ ಬಣ್ಣ ಬಿಳುಪು, ಆಯಿತು, ಅದು ದೇವರು ಕೊಟ್ಟದ್ದು. ದಾನಿಯ ಗಂಡನಿಗೆ ಮೂಡಲಗಿಯ ಸೊಸೈಟಿಯಲ್ಲಿ ತಿಂಗಳ ಪಗಾರದ ಕೆಲಸ, ಅದೂ ಅವಳ ಹಣೆಬರಹ. ಸಹಿಸಲಾಗದ್ದು ಆ ರೊಟ್ಟಿ. ದಾನಿ ರೊಟ್ಟಿ ಬಡಿಯಲು ಕೂತರೆ ಅತ್ತೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂಡುತ್ತಿದ್ದಳು. "ಈಕಿ ಕೈಯಾಗ ರೊಟ್ಟಿ ತಾನ ತಿರಗತೈತಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅದೇ ಅತ್ತೆ ಹದಿನಾರು ವರ್ಷ ಶೋಭಾ ಹೊಲಿದ ಜಂಪರು ತೊಟ್ಟು ಒಮ್ಮೆಯಾದರೂ ಚೆನ್ನಾಗಿದೆ ಎಂದವಳಲ್ಲ. ಈ ಕಡೆ ಸ್ವಲ್ಪ ಸಡಿಲ ಆಯಿತು, ಆ ಕಡೆ ಸ್ವಲ್ಪ ಬಿಗಿ ಆಯಿತು, ಇಷ್ಟೇ.

ಆ ಬೇಸಿಗೆಯಲ್ಲಿ ಖಾನಾವಳಿಯ ಶೆಟ್ಟೆಪ್ಪ ಮನೆಗೆ ಬಂದವನು ಊಟ ಮಾಡಿ, ದಿನಾ ನಲವತ್ತು ರೊಟ್ಟಿ ಮಾಡಿಕೊಡುತ್ತೀರೇನು ಎಂದು ದಾನಿಯನ್ನು ಕೇಳಿದ. ಮುಂದಿನ ವಾರ ಅರವತ್ತಾಯಿತು. ಬೆಳಿಗ್ಗೆ ಒಂಬತ್ತರವರೆಗೆ ಒಲೆ ಶೋಭಾಳ ಕೈಗೆ ಸಿಗದಂತಾಯಿತು. ಮಗಳು ಶೀತಲ್ ಕಾಲೇಜಿಗೆ ಒಣ ಚಪಾತಿ ಕಟ್ಟಿಕೊಂಡು ಹೋದ ದಿನ ಶೋಭಾ ಪಾತ್ರೆಗಳನ್ನು ತಿಕ್ಕಿದ ಸಪ್ಪಳ ಓಣಿಯ ತುದಿಗೆ ಕೇಳಿತು. ಪಾತ್ರೆ ತಿಕ್ಕಲು ಸಹಾಯಕ್ಕೆ ಬಂದವಳೂ ದಾನಿಯೇ. ಬೇಡ ಹೋಗು ಎಂದು ಕಳಿಸಿದಳು.

ಹುಕ್ಕೇರಿ ಬೇಡವಾದ ಮೇಲೆ ಗುರುಲಿಂಗಪ್ಪ ಮುಖ ಗಂಟು ಹಾಕಿಕೊಂಡು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಇಬ್ಬರು ಮಕ್ಕಳನ್ನೂ ಕೂಡಿಸಿಕೊಂಡು, ಹಾಗಾದರೆ ಎರಡು ಜಾಗ, ಎರಡು ಮನೆ, ನಾವು ಮುದುಕರು ಆರು ತಿಂಗಳು ಇಲ್ಲಿ ಆರು ತಿಂಗಳು ಅಲ್ಲಿ ಎಂದು ತೀರ್ಮಾನ ಹೇಳಿದರು. ಪಾಲು ಮನೆತನದ ರೂಢಿಯಂತೆಯೇ ಆಗಬೇಕು ಎಂದರು.

ಆ ರೂಢಿ ಹೀಗೆ. ಪಾಲು ಹಾಕುವವರು ಹಿರಿಯರು, ಮೊದಲು ಆರಿಸಿಕೊಳ್ಳುವವರು ಕಿರಿಯರು. ಹಾಕುವವನಿಗೆ ಆರಿಸುವ ಹಕ್ಕಿಲ್ಲ, ಆರಿಸುವವನಿಗೆ ಹಾಕಿದ್ದನ್ನು ಬದಲಿಸುವ ಹಕ್ಕಿಲ್ಲ. ಎರಡು ಪಾಲಿನ ಮುಂದೆ ಎಲೆ ಅಡಿಕೆ ಇಡುತ್ತಾರೆ. ಕಿರಿಸೊಸೆ ಬಂದು ತನಗೆ ಬೇಕಾದ ಪಾಲಿನ ಎಲೆ ಅಡಿಕೆ ಎತ್ತಿಕೊಂಡಳೆಂದರೆ ಮುಗಿಯಿತು, ಆಮೇಲೆ ಬ್ರಹ್ಮ ಬಂದರೂ ಬದಲಿಲ್ಲ. ನಲವತ್ತು ವರ್ಷದ ಹಿಂದೆ ಮಮದಾಪುರದಲ್ಲಿ ಶಿವವ್ವ ಹೀಗೇ ಎತ್ತಿದವಳು.

ಪಾಲು ಹಾಕುವ ಜವಾಬ್ದಾರಿ ಹಿರಿಯ ಮಗ, ಶೋಭಾಳ ಗಂಡ ಗುರುಪಾದನದು. ಅವನು ಗೋಕಾಕದಲ್ಲೇ ಒಂದು ಅಂಗಡಿಯಲ್ಲಿ ಪಂಪ್‌ಸೆಟ್ಟಿನ ಮೋಟರ್ ರಿಪೇರಿ ಮಾಡುವವನು. ಮೋಟರ್ ಬಿಟ್ಟರೆ ನನಗೇನೂ ತಿಳಿಯದು, ನೀನೇ ನೋಡು ಎಂದು ಅದನ್ನು ಹೆಂಡತಿಯ ಕೊರಳಿಗೆ ಹಾಕಿದ.

ಶೋಭಾ ನೋಡಿದಳು, ಬಹಳ ಚೆನ್ನಾಗಿಯೇ ನೋಡಿದಳು. ಗೋಕಾಕದಲ್ಲಿ ಮಗಳ ಕಾಲೇಜಿನ ಹತ್ತಿರವೇ ಒಂದು ಪ್ಲಾಟು, ಪೂರ್ವಕ್ಕೆ ಮುಖ, ಮುಂದೆ ಒಳ್ಳೆಯ ರಸ್ತೆ. ರಸ್ತೆಯ ಕಡೆಗೆ ಒಂದು ಸಣ್ಣ ಕೋಣೆ ತೆಗೆದರೆ ಮಷೀನು, ಕನ್ನಡಿ, ಬಂದವರಿಗೆ ಕೂಡಲು ಒಂದು ಬೆಂಚು, ಎಲ್ಲ ಹಿಡಿಯುತ್ತದೆ. ಇದು ತನ್ನದು ಎಂದು ನೋಡಿದ ದಿನವೇ ಮನಸ್ಸಿನಲ್ಲಿ ಬರೆದುಕೊಂಡಳು. ಅದೇ ಬೆಲೆಗೆ ಮೂಡಲಗಿಯಲ್ಲಿ ಉಸ್ಮಾನಸಾಬರು ಒಂದಕ್ಕೊಂದು ಹತ್ತಿದ ಎರಡು ಪ್ಲಾಟು ಕೊಡುತ್ತಿದ್ದರು. ಅವರು ತಮ್ಮ ಹೊಲವನ್ನು ಪ್ಲಾಟು ಮಾಡಿ ಕಲ್ಲು ನೆಟ್ಟಿದ್ದರು. ಜೋಡಿ ಪ್ಲಾಟು, ಗುರುರಾಜನ ಸೊಸೈಟಿಗೆ ನಡೆದು ಹೋಗುವ ದಾರಿ, ದಾನಿಯ ತವರು ಮಸಗುಪ್ಪಿ ಕೂಗಳತೆ. ದಾನಿ ಮೂಡಲಗಿ ಬಿಟ್ಟು ಬೇರೆ ಎತ್ತಲು ಹುಚ್ಚಿಯೇ? ಪಾಲು ಹಾಕುವುದು ಇಷ್ಟು ಸುಲಭವೇ ಎಂದು ಶೋಭಾಳಿಗೆ ನಗು ಬಂತು. ಅವಳು ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಮುಂದಿನ ರವಿವಾರ ಎಲ್ಲರೂ ಒಂದು ಗಾಡಿ ಮಾಡಿಕೊಂಡು ಮೂಡಲಗಿಯ ಜಾಗ ನೋಡಲು ಹೋದರು. ಉಸ್ಮಾನಸಾಬರು ಛತ್ರಿ ಹಿಡಿದು ಕಲ್ಲಿನಿಂದ ಕಲ್ಲಿಗೆ ನಡೆದು ತೋರಿಸಿದರು. ಮೂಲೆಯದೊಂದು, ಅದರ ಬಾಜೂಕ ಇನ್ನೊಂದು. ದಾನೇಶ್ವರಿ ಸೀರೆ ಎತ್ತಿ ಸಿಕ್ಕಿಸಿಕೊಂಡು ಎರಡನೆಯ ಪ್ಲಾಟಿನ ನಡುವೆ ಹೋಗಿ ನಿಂತಳು. ಅವಳ ಮುಖ ಅರಳಿದ್ದನ್ನು ಶೋಭಾ ದೂರದಿಂದಲೇ ಕಂಡಳು.

"ಅತ್ತೀರ, ಇಲ್ಲಿ ನಾಕು ಒಲಿ ಹೂಡಬಹುದು ನೋಡ್ರಿ. ಮ್ಯಾಲೆ ಒಂದು ಪತ್ರಾಸ್ ತಗಡು ಹಾಕಿದ್ರ ಸಾಕು. ನಾಕು ಮಂದಿ ಹೆಣ್ಮಕ್ಕಳನ್ನ ಕರಕೊಂಡ್ರ ದಿನಕ್ಕ ಐನೂರು ರೊಟ್ಟಿ ಆಕ್ಕಾವು," ಎಂದಳು ದಾನಿ.

"ಸಾವಿರ ಆಕ್ಕಾವು," ಎಂದಳು ಶಿವವ್ವ.

ಶೋಭಾಳ ಕಣ್ಣ ಮುಂದೆ ಅದೆಲ್ಲ ಕಟ್ಟಿ ಮುಗಿದೇ ಹೋಯಿತು. ನಾಲ್ಕು ಒಲೆ, ನಾಲ್ಕು ಹೆಂಗಸರು, ನಡುವೆ ದಾನಿ ಒಡತಿಯಾಗಿ ಕೈಯಾಡಿಸುತ್ತ ಓಡಾಡುವುದು, ಬಂದು ಹೋದವರು ದಾನಕ್ಕ ದಾನಕ್ಕ ಎನ್ನುವುದು. ತಾನೋ ಒಂದು ಸಣ್ಣ ಕೋಣೆಯಲ್ಲಿ ಕಾಲಲ್ಲಿ ಮಷೀನು ತುಳಿಯುತ್ತ ಕೂತವಳು. ಹೊಟ್ಟೆ ಉರಿದುಹೋಯಿತು. ವಾಪಸು ಬರುವಾಗ ಗಾಡಿಯಲ್ಲಿ ಎಲ್ಲರೂ ಶೇಂಗಾ ತಿಂದರು, ಅವಳು ಕಿಟಕಿಯ ಕಡೆ ಮುಖ ಮಾಡಿ ತಲೆ ನೋಯುತ್ತದೆ ಎಂದಳು.

ಮರುದಿನ ಚಹಾ ಕೊಡುವಾಗ ಮಾವನ ಮುಂದೆ ಮಾತು ತೆಗೆದಳು. ಗೋಕಾಕದಲ್ಲಿ ಒಂದು ಪ್ಲಾಟು, ಮೂಡಲಗಿಯಲ್ಲಿ ಎರಡು, ಇದು ಸಮಪಾಲು ಹೇಗೆ ಆಗುತ್ತದೆ, ನಾಳೆ ಮಂದಿ ಏನಂದಾರು, ಹಿರಿಯರಾಗಿ ನಾವು ತಕ್ಕಡಿ ಸರಿ ಹಿಡಿಯಬೇಡವೇ ಎಂದು ಬಹಳ ನ್ಯಾಯಸ್ಥಳ ಹಾಗೆ ಕೇಳಿದಳು. ಅಲ್ಲೂ ಒಂದೇ ತಗೊಂಡು, ಉಳಿದದ್ದನ್ನು ಎರಡೂ ಮನೆಯ ಕಟ್ಟಡಕ್ಕೆ ಸಮನಾಗಿ ಹಚ್ಚೋಣ ಎಂದಳು.

ಗುರುಲಿಂಗಪ್ಪ ಬಸಿಯಲ್ಲಿದ್ದ ಚಹಾ ಮುಗಿಸಿದರು. "ಹಾಕೋರು ನೀವು. ನಿಮಗ ಸಮ ಕಂಡದ್ದು ಹಾಕ್ರಿ. ಆದ್ರ ಆರಸೋರು ಅವರು ಅನ್ನೂದನ್ನ ಮರೀಬ್ಯಾಡ, ಶೋಭಾ."

ಗುರುಪಾದ ಮಂದ ಸ್ವಭಾವದವನೇ ಹೊರತು ದಡ್ಡನಲ್ಲ. ಅಂಗಡಿಗೆ ಹೊರಟವನು ಚಪ್ಪಲಿ ಮೆಟ್ಟುತ್ತ ಹೆಂಡತಿಯನ್ನು ಹೊರಗೆ ಕರೆದ.

"ನಿನಗ ಗೋಕಾಕ ಬೇಕೋ ಬ್ಯಾಡೋ?"

"ಬೇಕು."

"ಹಂಗಾರ ಮೂಡಲಗೀದು ಆಕಿಗೆ ಎಷ್ಟು ಚೊಲೋ ಕಾಣತೈತಿ, ನಿನಗ ಅಷ್ಟು ಚೊಲೋ. ಜೋಡೀನ ಇರ್ಲಿ ಬಿಡು. ಖುಷೀಲೆ ಎತ್ತಿಕೊಂಡು ಹೊಕ್ಕಾಳ."

"ನಾ ಹಿರಿಸೊಸಿ ಒಂದು ಪ್ಲಾಟಿನ್ಯಾಗ ಇರಬೇಕು, ಆಕಿ ಎರಡರ ಮಾಲಕಿ ಆಗಬೇಕು, ಹೌದಿಲ್ಲೋ?"

ಗುರುಪಾದ ಅಂಗಡಿಗೆ ಹೊತ್ತಾಯಿತೆಂದು ಹೋದ. ಅಂದೇ ಉಸ್ಮಾನಸಾಬರಿಗೆ ಫೋನು ಹೋಯಿತು, ಮೂಲೆಯದೊಂದೇ ಸಾಕು ಎಂದು. ಬಾಜೂದ ಪ್ಲಾಟು ಎಂಟು ದಿನದಲ್ಲಿ ಬೇರೆಯವರಿಗೆ ಹೋಯಿತು.

ದಾನಿಗೆ ಸುದ್ದಿ ತಿಳಿದ ದಿನ ಅವಳು ರೊಟ್ಟಿಯನ್ನು ಸ್ವಲ್ಪ ಜೋರಾಗಿಯೇ ಬಡಿದಳು. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅದೂ ಶೋಭಾಳಿಗೆ ಸಮಾಧಾನ ಕೊಡಲಿಲ್ಲ, ಎರಡು ಮಾತು ಅಂದಿದ್ದರೆ ತಾನೂ ನಾಲ್ಕು ಮಾತು ಅನ್ನಬಹುದಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ದಾನಿ ತಾನಾಗಿಯೇ ಅತ್ತೆಯ ಮುಂದೆ ಲೆಕ್ಕ ಹಾಕಿದಳು. ಮೂಲೆ ಪ್ಲಾಟು, ಎರಡು ಕಡೆ ರಸ್ತೆ. ಮನೆಯನ್ನು ಸ್ವಲ್ಪ ಹಿಂದೆ ಸರಿಸಿ ಕಟ್ಟಿದರೆ ಬಾಜೂ ರಸ್ತೆಯ ಕಡೆಗೆ ಎರಡು ಒಲೆಗಾದರೂ ಜಾಗ ಆಗುತ್ತದೆ ಎಂದಳು. ಶಿವವ್ವ ಮಜ್ಜಿಗೆ ಕುಡಿದು ಬಟ್ಟಲು ಕೆಳಗಿಟ್ಟಳು.

"ಹಂಗಾರ ಆರಾರು ತಿಂಗಳದ ಹಂಚಿಕಿ ನಂಗ ಬ್ಯಾಡ. ನಾ ಮೂಡಲಗ್ಯಾಗ ಇರ್ತೀನಿ. ಹಿಟ್ಟು ನಾದಾಕ ಆಕಿಗೆ ಒಂದು ಕೈ ಬೇಕಲ್ಲ."

ಶೋಭಾ ತನ್ನ ತಟ್ಟೆಯನ್ನು ಹಿಂದೆ ಸರಿಸಿದಳು. ಅತ್ತೆಯ ಜೊತೆ ಅವಳಿಗೇನು ಅಂಥ ಸಿಹಿ ಇತ್ತು ಎಂದು ಕೇಳಬೇಡಿ. ದಿನಾ ಕಿರಿಕಿರಿಯೇ. ಆದರೆ ಮದುವೆಯಾಗಿ ಬಂದಾಗಿನಿಂದ ಅವಳ ಕಾಲು ಒತ್ತಿದವಳು ಯಾರು, ಕಣ್ಣಿನ ಆಪರೇಶನ್ ಆದಾಗ ನಲವತ್ತು ದಿನ ಹನಿ ಹಾಕಿದವಳು ಯಾರು? ಈಗ ಒಂದು ಮಾತನ್ನೂ ಕೇಳದೆ ಮುದುಕಿ ಆ ಕಡೆ ವಾಲಿಬಿಟ್ಟಳು. ಅಂದು ಶೋಭಾ ಉಣ್ಣಲಿಲ್ಲ. ಮಷೀನಿನ ಮುಂದೆ ಕೂತು ಯಾರದೋ ಜಂಪರಿನ ತೋಳನ್ನು ಉಲ್ಟಾ ಹಚ್ಚಿ, ಮತ್ತೆ ಬಿಚ್ಚಿ, ಮತ್ತೆ ಹಚ್ಚಿದಳು. ಸಂಜೆ ದೀಪ ಹಚ್ಚುವ ಮೊದಲು ಉಸ್ಮಾನಸಾಬರಿಗೆ ಇನ್ನೊಂದು ಫೋನು ಮಾಡಿದಳು. ಮೂಲೆಯದು ಬೇಡ, ಒಳಗಿನ ಸಾಲಿನಲ್ಲಿ ಒಂದು ಕೊಡಿ, ಮೂಲೆ ಪ್ಲಾಟಿಗೆ ಗೋಕಾಕಕ್ಕಿಂತ ಹೆಚ್ಚು ರಸ್ತೆ ಸಿಕ್ಕು ಪಾಲು ಏರುಪೇರಾಗುತ್ತದೆ ಎಂದಳು.

ಮುದುಕ ವ್ಯಾಪಾರಸ್ಥರು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. "ಅಕ್ಕಾರ, ಒಳಗಿಂದು ಬಿಟ್ಟು ಮೂಲಿದು ಕೊಡ್ರಿ ಅಂತ ಜಗಳಾ ಮಾಡಿದವರನ್ನ ನೋಡೇನಿ. ಮೂಲಿದು ಬ್ಯಾಡ ಅಂದವರು ನೀವ ಮೊದಲು. ಮನ್ಯಾಗ ಒಮ್ಮಿ ಕೇಳ್ರಲ್ಲ."

ಕೇಳಿದ್ದೇನೆ ಎಂದು ಶೋಭಾ ಸುಳ್ಳು ಹೇಳಿದಳು.

ಒಳಸಾಲಿನ ಪ್ಲಾಟಿಗೆ ಮೂರು ಕಡೆ ಮಂದಿಯ ಗೋಡೆ ಬರುವುದಿತ್ತು, ಮುಂದೆ ಒಂದು ಗಾಡಿ ಹೋಗುವಷ್ಟು ದಾರಿ. ಆದರೂ ಶೋಭಾಳಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ತವರಿನ ಬಾಗಿಲು ಹತ್ತಿರ, ಗಂಡನ ನೌಕರಿ ಹತ್ತಿರ, ಇನ್ನೇನು ಬೇಕು? ಎತ್ತುವುದು ಮೂಡಲಗಿಯನ್ನೇ, ಆದರೆ ಕುಣಿದಾಡಿ ಎತ್ತಬಾರದು. ಅವಳ ಆಸೆ ಅಷ್ಟೇ ಇತ್ತು. ಈ ನಡುವೆ ಗೋಕಾಕದ ಪ್ಲಾಟಿನ ಮುಂದೆ ಹಾದು ಹೋಗುವ ದಾರಿ ಹಿಡಿದೇ ಸಂತೆಗೆ ಹೋಗಿಬರತೊಡಗಿದಳು. ಇಬ್ಬರು ಗಿರಾಕಿಗಳಿಗೆ, ಮುಂದಿನ ದೀಪಾವಳಿಯ ಜಂಪರು ಹೊಸ ಮನೆಯಲ್ಲೇ ಹೊಲಿಯುತ್ತೇನೆ ಎಂದು ಗುಟ್ಟಾಗಿ ಹೇಳಿಯೂ ಇದ್ದಳು.

ಶ್ರಾವಣದ ಎರಡನೆಯ ಸೋಮವಾರ ಆರಿಸುವುದೆಂದು ಗೊತ್ತಾಯಿತು. ಬೆಳಿಗ್ಗೆ ಇಬ್ಬರೂ ಸೊಸೆಯರು ಕೂಡಿಯೇ ಹೂರಣ ಕುದಿಸಿದರು, ರುಬ್ಬಿದರು. ಲಿಂಗಪೂಜೆ ಮುಗಿಸಿ ಬಂದ ಗುರುಲಿಂಗಪ್ಪ ಹಣೆಯ ವಿಭೂತಿ ಆರುವ ಮೊದಲೇ ಪಡಸಾಲೆಯಲ್ಲಿ ಎರಡು ಮಣೆ ಇಡಿಸಿದರು. ಒಂದರ ಮೇಲೆ ಗೋಕಾಕದ ಪ್ಲಾಟಿನ ನಕಾಶೆ, ಇನ್ನೊಂದರ ಮೇಲೆ ಮೂಡಲಗಿಯದು, ಎರಡರ ಮೇಲೂ ಎಲೆ ಅಡಿಕೆ. ಗುರುಪಾದ, ಗುರುರಾಜ ಗೋಡೆಗೆ ಆತು ಕೂತರು. ಶಿವವ್ವ ಕಂಬಕ್ಕೆ ಬೆನ್ನು ಕೊಟ್ಟಳು. ಶೋಭಾ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಬಾರವ್ವಾ ದಾನೇಶ್ವರಿ," ಎಂದರು ಮಾವ.

ದಾನಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಮೂಡಲಗಿಯ ಮಣೆಯ ಮುಂದೆ ಕೂತು ನಕಾಶೆಯ ಮೇಲೆ ಬೆರಳಾಡಿಸಿ, ಇದು ಮೂಲೆಯದಲ್ಲವಲ್ಲ ಎಂದು ಗಂಡನನ್ನು ಕೇಳಿದಳು. ಒಳಗಿನದು ಎಂದ ಗುರುರಾಜ. ಅವಳು ಎದ್ದು ಗೋಕಾಕದ ಮಣೆಯ ಮುಂದೆ ಹೋಗಿ ಕೂತಳು. ಶೋಭಾಳ ಕೈಯಲ್ಲಿದ್ದ ಲಟ್ಟಣಿಗೆ ಕೆಳಗೆ ಬಿತ್ತು.

"ದಾನಿ, ಅದು ಗೋಕಾಕದ್ದು," ಎಂದಳು.

"ಗೊತ್ತೈತ್ರಿ ಅಕ್ಕಾ. ಜೋಡಿ ಇದ್ದಾಗ ನಾ ಕಣ್ಣು ಮುಚ್ಚಿ ಮೂಡಲಗಿ ಅಂದಿದ್ನಿ. ಮೂಲಿದು ಒಂದ ಆದಾಗೂ ಮೂಡಲಗೀನ ಅಂದಿದ್ನಿ. ಈಗ ಅಲ್ಲಿ ಒಲಿ ಹೂಡಾಕ ಜಾಗಾನ ಇಲ್ಲ. ಹೆಂಗೂ ಅಡಗಿಮನ್ಯಾಗ ಬಡಿಯೂದಾದ್ರ ಗೋಕಾಕದಾಗ ಶೆಟ್ಟೆಪ್ಪ ಕಾಕಾರ ಖಾನಾವಳಿ ಐತಿ, ಇನ್ನೂ ಎರಡ ಖಾನಾವಳಿಯವರು ಕೇಳಾಕತ್ತಾರ. ಇವರು ಆರು ವರ್ಷದಿಂದ ಬಸ್ಸಿನ್ಯಾಗ ಹೋಗಿ ಬಂದು ಮಾಡಾಕತ್ತಾರ, ರೂಢಿ ಆಗೈತಿ."

ಹಾಗೆ ಹೇಳಿ ಕೈ ಚಾಚಿದವಳು ತಲೆ ಎತ್ತಿ ನೋಡಿದಳು. ಶೋಭಾಳ ಮುಖದಲ್ಲಿ ರಕ್ತ ಇರಲಿಲ್ಲ. ಒಂಬತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದವಳಿಗೆ ಅಷ್ಟು ತಿಳಿಯದೇ? ದಾನಿ ಚಾಚಿದ ಕೈ ಹಿಂದಕ್ಕೆ ತಗೊಂಡು ತೊಡೆಯ ಮೇಲೆ ಇಟ್ಟುಕೊಂಡಳು.

"ಅಕ್ಕಾ, ನಾ ಇನ್ನೂ ಎತ್ತಿಲ್ಲ. ನಿಮಗ ಗೋಕಾಕ ಬೇಕಾಗಿತ್ತೇನ್ರಿ? ಬೇಕಾಗಿದ್ರ ಒಂದ ಮಾತು ಅನ್ರಿ. ನಾ ಆ ಕಡಿಂದು ಎತ್ತತೀನಿ. ನಂಗೇನೂ ಬ್ಯಾಸರ ಇಲ್ಲ."

ಪಡಸಾಲೆಯಲ್ಲಿ ಎಲ್ಲರೂ ಶೋಭಾಳ ಕಡೆ ತಿರುಗಿದರು. ಮಾವ ತಡೆಯಲಿಲ್ಲ. ರೂಢಿಯ ಪ್ರಕಾರ ಎತ್ತುವವರೆಗೆ ಏನೂ ಆಗಿಲ್ಲ. ಗುರುಪಾದ ಗೋಡೆ ಬಿಟ್ಟು ಮುಂದಕ್ಕೆ ಬಾಗಿ, ಅನ್ನು, ಅನ್ನು ಎಂಬಂತೆ ಹೆಂಡತಿಯನ್ನೇ ನೋಡಿದ. ಶೋಭಾ ಅತ್ತೆಯ ಮುಖ ನೋಡಿದಳು. ಶಿವವ್ವ ದಾನಿಯನ್ನು ನೋಡುತ್ತಿದ್ದಳು, ಎಂಥ ದೊಡ್ಡ ಮನಸ್ಸಿನ ಸೊಸೆ ಸಿಕ್ಕಿದ್ದಾಳೆ ಎಂದು ಅವಳ ಕಣ್ಣು ಒದ್ದೆಯಾಗಿತ್ತು. ಅಷ್ಟೇ ಸಾಕಾಯಿತು.

"ಏ ಇಲ್ಲಬೇ," ಎಂದಳು ಶೋಭಾ. "ನಂಗ ಮೊದಲಿಂದನೂ ಮೂಡಲಗೀನ ಬೇಕಾಗಿತ್ತು. ಎತ್ತು ನೀ."

ದಾನಿ ಎರಡೂ ಕೈಯಿಂದ ಗೋಕಾಕದ ಎಲೆ ಅಡಿಕೆ ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಮಾವನಿಗೆ, ಅತ್ತೆಗೆ, ಆಮೇಲೆ ಶೋಭಾಳಿಗೂ ಬಗ್ಗಿ ನಮಸ್ಕಾರ ಮಾಡಿದಳು. ಶೋಭಾ ಚೆನ್ನಾಗಿ ಬಾಳು ಎಂದು ತಲೆ ಮುಟ್ಟಿದಳು. ಒಳಗೆ ಹೋಗಿ ಹದಿನೆಂಟು ಹೋಳಿಗೆ ಬೇಯಿಸಿದಳು, ಒಂದೂ ಸೀಯಲಿಲ್ಲ. ಎಲ್ಲರಿಗೂ ತುಪ್ಪ ಹಾಕಿ ಬಡಿಸಿದಳು. ಇನ್ನೊಂದು ಹಾಕಿಸಿಕೊಳ್ಳಿ ಎಂದು ಮೈದುನನಿಗೆ ಒತ್ತಾಯವನ್ನೂ ಮಾಡಿದಳು. ಶಿವವ್ವ ಉಣ್ಣುತ್ತ, ಹಂಗಾರ ನಾನೂ ಗೋಕಾಕದಾಗ ಇರೂದಾತು ಎಂದಳು.

ಊಟ ಮುಗಿದ ಮೇಲೆ ಗುರುಪಾದ ಹಿತ್ತಲಿಗೆ ಬಂದ. ಶೋಭಾ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಎಂಜಲು ತಟ್ಟೆಗಳು ಹಾಗೇ ಬಿದ್ದಿದ್ದವು.

"ಆಕಿ ಎಲ್ಲಾರ ಮುಂದ ಬಾಯಿಬಿಟ್ಟು ಕೊಡ್ತೀನಿ ಅಂದ್ಳು. ಒಂದ ಮಾತು ಹೂಂ ಅಂದಿದ್ರ ಆಗತಿತ್ತಲ್ಲ. ನಿನ್ನ ಹೊಲಿಗಿ ಹೋತು, ಶೀತಲ್‌ಳ ಕಾಲೇಜು ದೂರ ಆತು, ನನ್ನ ಅಂಗಡಿ ದೂರ ಆತು. ಯಾಕ ಅನ್ನಲಿಲ್ಲ?"

"ಗೋಕಾಕ ನಂಗ ಬೇಕಾಗಿತ್ರಿ," ಎಂದಳು ಶೋಭಾ. ಆ ಎರಡು ತಿಂಗಳಲ್ಲಿ ಅವಳ ದನಿ ಇಷ್ಟು ಸಣ್ಣದಾದದ್ದನ್ನು ಅವನು ಕೇಳಿರಲಿಲ್ಲ. "ಜೀವ ಹೋಗುವಷ್ಟು ಬೇಕಾಗಿತ್ತು. ಆದ್ರ ಆಕಿ ಬಿಟ್ಟುಕೊಟ್ಟ ಮನ್ಯಾಗ ನಾ ಹೆಂಗ ಬಾಳ್ಲಿ, ಹೇಳ್ರಿ?"

ಗುರುಪಾದ ಮೂಡಲಗಿಯಿಂದ ಗೋಕಾಕಕ್ಕೆ ಬೆಳಿಗ್ಗೆ ಮೊದಲ ಬಸ್ಸು ಎಷ್ಟಕ್ಕೆ ಎಂದು ತಮ್ಮನನ್ನು ಕೇಳಲು ಒಳಗೆ ಹೋದ.